ಅಪ್ಪನ ಸಿಟ್ಟಿಗೂ ಹಾರ್ಟ್ ಅಟ್ಯಾಕಿಗೂ ನಿಜವಾಗಿ ಸಂಬಂಧ ಇದೆಯಾ?

ತುಮಕೂರಿನ ಮಗಳು
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಅಪ್ಪನಿಗೆ 61. ಮೂರು ವಾರದ ಹಿಂದೆ ಹಾರ್ಟ್ ಅಟ್ಯಾಕ್ ಆಯಿತು. ಒಂದು ಸ್ಟೆಂಟ್ ಹಾಕಿದ್ದಾರೆ. ಈಗ ಮನೆಯಲ್ಲಿದ್ದಾರೆ, ಪರವಾಗಿಲ್ಲ. ಹತ್ತು ವರ್ಷದಿಂದ ಬಿಪಿ ಇದೆ. ನೆನಪಾದರೆ ಮಾತ್ರೆ, ಇಲ್ಲವಾದರೆ ಇಲ್ಲ. ಬೀಡಿ ಬಿಟ್ಟು ಐದು ವರ್ಷ ಆಯಿತು.

ಆವತ್ತು ಬೆಳಿಗ್ಗೆ ನೀರಿನ ಮೋಟರ್ ವಿಷಯಕ್ಕೆ ಬಾಡಿಗೆಯವರ ಜೊತೆ ದೊಡ್ಡ ಜಗಳ ಆಗಿತ್ತು. ಜಗಳ ಮುಗಿಸಿ ಒಳಗೆ ಬಂದು ಕೂತರು. ಮುಕ್ಕಾಲು ಗಂಟೆಯೊಳಗೆ ಮೈಯೆಲ್ಲ ಬೆವರು. ಎದೆ ಹಿಂಡಿದ ಹಾಗಾಗುತ್ತಿದೆ ಅಂದರು. ಈಗ ನೋಡಲು ಬಂದವರೆಲ್ಲ ಹೇಳುವುದು ಒಂದೇ ಮಾತು, "ಆ ಸಿಟ್ಟೇ ಅವನನ್ನು ಮಲಗಿಸಿದ್ದು." ಅಮ್ಮನಂತೂ ತನ್ನಿಂದಲೇ ಆಯಿತು ಅಂದುಕೊಂಡಿದ್ದಾಳೆ. ಮೋಟರ್ ವಿಷಯ ಅಪ್ಪನ ಕಿವಿಗೆ ಹಾಕಿದ್ದು ಅವಳೇ.

ಅಪ್ಪ ದಿನವಿಡೀ ಕೂಗಾಡುವವರಲ್ಲ. ಆದರೆ ಯಾರನ್ನೂ ನಂಬುವುದಿಲ್ಲ. ತರಕಾರಿಯವನು ತೂಕದಲ್ಲಿ ಹೊಡೆಯುತ್ತಾನೆ. ಬಾಡಿಗೆಯವರು ಬೇಕಂತಲೇ ನಲ್ಲಿ ಬಿಟ್ಟು ಹೋಗುತ್ತಾರೆ. ಚಿಕ್ಕಪ್ಪ ಹೊಲದ ಬದು ಒತ್ತಿಕೊಂಡು ಬಂದಿದ್ದಾರೆ ಅಂತ 14 ವರ್ಷದಿಂದ ಕೇಸು ನಡೆಯುತ್ತಿದೆ. ಸ್ಟೆಂಟ್ ಹಾಕಿದ ಡಾಕ್ಟರ್ ಕೂಡ ದುಡ್ಡಿಗಾಗಿಯೇ ಹಾಕಿದ್ದು ಅನ್ನುತ್ತಾರೆ.

ನನಗೆ ಗೊತ್ತಾಗಬೇಕಿರುವುದು ಎರಡು. ಇಂಥ ಸ್ವಭಾವದಿಂದ ಹೃದಯದ ಕಾಯಿಲೆ ಬರುತ್ತದೆ ಅನ್ನುವುದಕ್ಕೆ ಆಧಾರ ಇದೆಯಾ, ಅಥವಾ ಜನ ಸುಮ್ನೆ ಹೇಳುವ ಮಾತಾ? ಮತ್ತೆ, 61ನೇ ವಯಸ್ಸಿನಲ್ಲಿ ಯಾರಾದರೂ ಬದಲಾಗಿದ್ದನ್ನು ನೀವು ನೋಡಿದ್ದೀರಾ?

ಕೆರೆ ಏರಿ
ನಮ್ಮ ತಾತನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಊರಿಗೆಲ್ಲ ಬೈಯುತ್ತಲೇ 92 ವರ್ಷ ಬದುಕಿದರು. ಹಾಗಾಗಿ ನನಗೆ ನಂಬಿಕೆ ಇಲ್ಲ.

ಹೊಸಪೇಟೆ ರವಿ
ಬೇಗ ಹುಷಾರಾಗಲಿ ಅಕ್ಕಾ. ಅಮ್ಮನಿಗೆ ಹೇಳಿ, ಅವರ ತಪ್ಪು ಏನೂ ಇಲ್ಲ.

ಮನಸ್ಸಿನ ಪಾಠ
ನಾನು ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಿದ್ದೇನೆ. ಇದು ಸುಮ್ನೆ ಹೇಳುವ ಮಾತಲ್ಲ. ಹಾಗಂತ ಪೂರ್ತಿ ಸಾಬೀತಾದ ಮಾತೂ ಅಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

1950ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೇಯರ್ ಫ್ರೀಡ್‌ಮನ್, ರೇ ರೋಸೆನ್‌ಮನ್ ಅಂತ ಇಬ್ಬರು ಹೃದಯದ ಡಾಕ್ಟರುಗಳಿದ್ದರು. ಅವರ ಕ್ಲಿನಿಕ್ಕಿನ ಕುರ್ಚಿಗಳ ಬಟ್ಟೆ ಸರಿಮಾಡಲು ಬಂದ ಕೆಲಸಗಾರ ಒಂದು ವಿಷಯ ಗಮನಿಸಿದ. ಕುರ್ಚಿಗಳು ಮುಂದಿನ ಅಂಚಿನಲ್ಲಿ ಮಾತ್ರ ಸವೆದಿದ್ದವು. ಅಂದರೆ ರೋಗಿಗಳು ಬೆನ್ನು ಆನಿಸಿ ಕೂರುತ್ತಿರಲಿಲ್ಲ, ಈಗ ಏಳುತ್ತೇನೆ ಆಗ ಏಳುತ್ತೇನೆ ಅಂತ ತುದಿಯಲ್ಲೇ ಕೂರುತ್ತಿದ್ದರು. ಆಗ ಡಾಕ್ಟರುಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅದರ ಅರ್ಥ ಹೊಳೆಯಿತು. ಸದಾ ಆತುರ, ಪೈಪೋಟಿ, ಮಾತುಮಾತಿಗೆ ಸಿಡುಕು. ಇಂಥವರನ್ನು 'ಟೈಪ್ ಎ' ಅಂತ ಕರೆದರು. ನಿಧಾನಸ್ಥರು 'ಟೈಪ್ ಬಿ'.

1960ರ ಹೊತ್ತಿಗೆ 39ರಿಂದ 59 ವರ್ಷದ 3154 ಗಂಡಸರನ್ನು ಆರಿಸಿಕೊಂಡು ಎಂಟೂವರೆ ವರ್ಷ ಹಿಂಬಾಲಿಸಿದರು. 257 ಜನರಿಗೆ ಹೃದಯದ ಕಾಯಿಲೆ ಬಂತು. ಟೈಪ್ ಎ ಜನರಲ್ಲಿ ಅದು ಸುಮಾರು ಎರಡು ಪಟ್ಟು. ಆಮೇಲೆ ಈ ಮಾತು ಪ್ರಪಂಚವೆಲ್ಲ ಹಬ್ಬಿತು.

ತೊಂದರೆ ಶುರುವಾಗಿದ್ದು ಅದರ ನಂತರ. 1980ರ ದಶಕದ ಬೇರೆ ದೊಡ್ಡ ಅಧ್ಯಯನಗಳಲ್ಲಿ ಈ ಸಂಬಂಧ ಕಾಣಲಿಲ್ಲ. 1988ರಲ್ಲಂತೂ ಅದೇ ಮೊದಲಿನ ಗುಂಪನ್ನು ಮತ್ತೆ ನೋಡಿದಾಗ, ಒಮ್ಮೆ ಅಟ್ಯಾಕ್ ಆಗಿ ಉಳಿದವರಲ್ಲಿ ಟೈಪ್ ಎ ಜನರೇ ಟೈಪ್ ಬಿ ಜನರಿಗಿಂತ ಕಡಿಮೆ ಸತ್ತಿದ್ದರು.

ಆಗ ಸಂಶೋಧಕರು ಬೇರೆ ಪ್ರಶ್ನೆ ಕೇಳಿದರು. ಟೈಪ್ ಎ ಅನ್ನುವುದು ಒಂದು ಮೂಟೆ. ಅದರಲ್ಲಿ ಆತುರ ಇದೆ, ಕೆಲಸದ ಹುಚ್ಚು ಇದೆ, ಹಗೆತನ ಇದೆ. ವಿಷ ಇರುವುದು ಯಾವುದರಲ್ಲಿ? ಉತ್ತರ ಬಂದಿದ್ದು ಹಗೆತನದ ಕಡೆಗೆ. ತುಮಕೂರಿನ ಮೇಡಂ, ನಿಮ್ಮ ತಂದೆಯ ಬಗ್ಗೆ ನೀವು ಬರೆದ ಸಾಲುಗಳು ನನ್ನನ್ನು ನಿಲ್ಲಿಸಿದ್ದು ಇದಕ್ಕೇ. 'ಕೂಗಾಡುವುದಿಲ್ಲ, ಆದರೆ ಯಾರನ್ನೂ ನಂಬುವುದಿಲ್ಲ.' ಸಂಶೋಧಕರು ಅಳೆಯುತ್ತಿದ್ದುದು ಹೆಚ್ಚುಕಡಿಮೆ ಅದನ್ನೇ.

ಪೀಣ್ಯ ಫಿಟ್ಟರ್
ಸರ್, ಹಗೆತನವನ್ನು ಅಳೆಯುವುದು ಹೇಗೆ? ಬಿಪಿ ನೋಡಿದ ಹಾಗೆ ಮಿಷನ್ ಇದೆಯಾ?

ಮನಸ್ಸಿನ ಪಾಠ
ಮಿಷನ್ ಇಲ್ಲ, ಪ್ರಶ್ನೆಪಟ್ಟಿ ಇದೆ. ಕುಕ್ ಮತ್ತು ಮೆಡ್ಲಿ ಅನ್ನುವವರು 1954ರಲ್ಲಿ ಮಾಡಿದ್ದು. 50 ವಾಕ್ಯ. ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಅಂತ ಗುರುತು ಹಾಕಬೇಕು. ಜನ ತಮ್ಮ ಲಾಭಕ್ಕಾಗಿ ಸುಳ್ಳು ಹೇಳುತ್ತಾರೆ, ಯಾರನ್ನೂ ನಂಬದಿರುವುದೇ ಕ್ಷೇಮ, ಈ ಧಾಟಿಯ ಮಾತುಗಳು. ಅದನ್ನು ಮಾಡಿದ್ದು ಶಿಕ್ಷಕರಿಗಾಗಿ, ಮಕ್ಕಳ ಜೊತೆ ಯಾರು ಹೊಂದಿಕೊಳ್ಳುತ್ತಾರೆ ಅಂತ ನೋಡಲು. ಹೃದಯಕ್ಕೂ ಅದಕ್ಕೂ ಆಗ ಸಂಬಂಧವೇ ಇರಲಿಲ್ಲ.

1983ರಲ್ಲಿ ಒಂದು ಫಲಿತಾಂಶ ಬಂತು. ನಾರ್ತ್ ಕೆರೊಲಿನಾದಲ್ಲಿ 255 ಜನ ವೈದ್ಯಕೀಯ ವಿದ್ಯಾರ್ಥಿಗಳಾಗಿದ್ದಾಗ ಈ ಪ್ರಶ್ನೆಗಳಿಗೆ ಉತ್ತರ ಬರೆದಿದ್ದರು. 25 ವರ್ಷದ ನಂತರ ಅವರು ಹೇಗಿದ್ದಾರೆ ಅಂತ ನೋಡಿದರು. ಹಗೆತನದ ಅಂಕ ಜಾಸ್ತಿ ಇದ್ದವರಲ್ಲಿ ಹೃದಯದ ಕಾಯಿಲೆ ನಾಲ್ಕೈದು ಪಟ್ಟು ಹೆಚ್ಚಿತ್ತು. ಎಲ್ಲರೂ ಡಾಕ್ಟರುಗಳೇ ನೋಡಿ. ಬಡತನ, ತಿಳಿವಳಿಕೆ ಇಲ್ಲ ಅನ್ನುವ ಕಾರಣ ಕೊಡಲು ಬರುವುದಿಲ್ಲ.

ಲೆಕ್ಕ ಕೇಳುವವ
ಪಾಠದವರೇ, ಅರ್ಧ ಮಾತ್ರ ಹೇಳಿದಿರಿ. 255 ಜನ ಅಂದರೆ ಸಣ್ಣ ಗುಂಪು. ಅದೇ ಪ್ರಶ್ನೆಪಟ್ಟಿ ಇಟ್ಟುಕೊಂಡು ಮಾಡಿದ ಇನ್ನು ಕೆಲವು ಅಧ್ಯಯನಗಳಲ್ಲಿ ಏನೂ ಸಿಗಲಿಲ್ಲ. ಸಣ್ಣ ಗುಂಪಿನಲ್ಲಿ ನಾಲ್ಕೈದು ಪಟ್ಟು ಬಂದಿದ್ದು ದೊಡ್ಡ ಲೆಕ್ಕದಲ್ಲಿ ಕರಗಿತು. 2009ರಲ್ಲಿ ಚಿಡಾ ಮತ್ತು ಸ್ಟೆಪ್ಟೋ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದರು. ಆರೋಗ್ಯವಂತರಲ್ಲಿ ಸಿಟ್ಟು, ಹಗೆತನದಿಂದ ಅಪಾಯ 19% ಜಾಸ್ತಿ. ಆಗಲೇ ಕಾಯಿಲೆ ಇದ್ದವರಲ್ಲಿ 24% ಜಾಸ್ತಿ. ಸಿಗರೇಟು, ವ್ಯಾಯಾಮ, ತೂಕ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಅದೂ ತೆಳ್ಳಗಾಗುತ್ತದೆ.

ಇದರ ಪಕ್ಕ ಸಿಗರೇಟನ್ನು ಇಡಿ. 2004ರಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಸಿಗರೇಟು ಸೇದುವವರಿಗೆ ಸುಮಾರು ಮೂರು ಪಟ್ಟು ಅಪಾಯ. 19% ಎಲ್ಲಿ, ಮೂರು ಪಟ್ಟು ಎಲ್ಲಿ? ಅಪ್ಪನಿಗೆ ಬೀಡಿ ಇತ್ತು. ಬಿಪಿ ಮಾತ್ರೆ ತಪ್ಪಿಸುತ್ತಿದ್ದರು. ಇಷ್ಟು ಸಾಕು ಅಟ್ಯಾಕಿಗೆ. ಇದರ ಮೇಲೆ 'ನಿನ್ನ ಗುಣವೇ ಸರಿ ಇಲ್ಲ, ಅದಕ್ಕೇ ಹೀಗಾಯಿತು' ಅಂತ ಹಾಸಿಗೆ ಹಿಡಿದವರಿಗೆ ಹೇಳುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಮನಸ್ಸಿನ ಪಾಠ
ಕೊನೆಯ ಮಾತು ಒಪ್ಪುತ್ತೇನೆ. ಆದರೆ 'ಸಿಗರೇಟನ್ನು ಲೆಕ್ಕಕ್ಕೆ ಹಿಡಿದರೆ ತೆಳ್ಳಗಾಗುತ್ತದೆ' ಅನ್ನುವುದನ್ನು ಇನ್ನೊಂದು ಕಡೆಯಿಂದ ನೋಡಿ. ಯಾರನ್ನೂ ನಂಬದವನು ಡಾಕ್ಟರನ್ನು ನಂಬುತ್ತಾನಾ? ಮಾತ್ರೆ ಸರಿಯಾಗಿ ನುಂಗುತ್ತಾನಾ? ಬೀಡಿ ಬಿಡು ಅಂದವರ ಮಾತು ಕೇಳುತ್ತಾನಾ? ಸ್ವಭಾವ ಕೆಲಸ ಮಾಡುವ ದಾರಿಯೇ ಅದಾಗಿರಬಹುದು. ದಾರಿಯನ್ನು ಕಳೆದು, ಸ್ವಭಾವದ ಪಾಲು ಕಡಿಮೆ ಅಂದರೆ ಹೇಗೆ?

ಲೆಕ್ಕ ಕೇಳುವವ
ಇದು ಒಳ್ಳೆಯ ಮಾತು. ಇದನ್ನು ಒಪ್ಪಿಕೊಳ್ಳುತ್ತೇನೆ.

ವಾರ್ಡಿನ ಅಕ್ಕ
ನಾನು ನರ್ಸ್. ಹನ್ನೊಂದು ವರ್ಷ ಹೃದಯದ ಐಸಿಯುನಲ್ಲಿ ಕೆಲಸ ಮಾಡಿದ್ದೇನೆ. ನೀವಿಬ್ಬರೂ ಎರಡು ಬೇರೆ ವಿಷಯಗಳನ್ನು ಬೆರೆಸುತ್ತಿದ್ದೀರಿ.

ಒಂದು, ಹತ್ತಾರು ವರ್ಷದ ಸ್ವಭಾವ. ಅದು ರಕ್ತನಾಳದ ಒಳಗೋಡೆಯನ್ನು ನಿಧಾನವಾಗಿ ಹಾಳುಮಾಡುತ್ತದಾ ಅನ್ನುವ ಪ್ರಶ್ನೆ. ಎರಡು, ಒಂದು ದಿನದ ಒಂದು ಜಗಳ. ಆ ಜಗಳ ಅಟ್ಯಾಕನ್ನು ಅಲ್ಲೇ ತರುತ್ತದಾ ಅನ್ನುವ ಪ್ರಶ್ನೆ. ಎರಡನೆಯದಕ್ಕೆ ಆಧಾರ ಚೆನ್ನಾಗಿಯೇ ಇದೆ. 1995ರಲ್ಲಿ ಅಮೆರಿಕದಲ್ಲಿ ಅಟ್ಯಾಕ್ ಆಗಿ ಉಳಿದ 1623 ಜನರನ್ನು ಕೇಳಿ ಮಾಡಿದ ಲೆಕ್ಕ ಇದೆ. ಜೋರು ಸಿಟ್ಟು ಬಂದ ನಂತರದ ಎರಡು ಗಂಟೆ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ. ಇಂಟರ್‌ಹಾರ್ಟ್ ರೋಗಿಗಳನ್ನೇ ಇಟ್ಟುಕೊಂಡು 2016ರಲ್ಲಿ ನೋಡಿದಾಗಲೂ ಹತ್ತಿರಹತ್ತಿರ ಅದೇ ಬಂತು. ಸಿಟ್ಟಿನ ಜೊತೆಗೆ ಭಾರದ ಕೆಲಸವೂ ಸೇರಿದರೆ ಮೂರು ಪಟ್ಟು.

ಆದರೆ ತಂಗಿ, ಇದನ್ನು ಅಮ್ಮನಿಗೆ ಹೇಳುವಾಗ ಇನ್ನೊಂದು ಮಾತೂ ಸೇರಿಸು. ಯಾವುದೇ ಒಂದು ಗಂಟೆಯಲ್ಲಿ ಒಬ್ಬ ಮನುಷ್ಯನಿಗೆ ಅಟ್ಯಾಕ್ ಆಗುವ ಸಾಧ್ಯತೆ ತೀರಾ ಕಡಿಮೆ. ಅದರ ಎರಡು ಪಟ್ಟು ಅಂದರೂ ಕಡಿಮೆಯೇ. ಅಪ್ಪ ಅದಕ್ಕೆ ಮುಂಚೆ ಸಾವಿರ ಸಲ ಜಗಳ ಆಡಿರಬಹುದು, ಏನೂ ಆಗಲಿಲ್ಲ. ಈ ಸಲ ಆಯಿತು ಅಂದರೆ ನಾಳದೊಳಗೆ ಕೊಬ್ಬಿನ ಗಂಟು ಮೊದಲೇ ಒಡೆಯಲು ಕಾದಿತ್ತು. ಮೋಟರ್ ಜಗಳ ಇಲ್ಲದಿದ್ದರೆ ಮೆಟ್ಟಿಲು ಹತ್ತುವಾಗ ಆಗುತ್ತಿತ್ತೇನೋ. ಅಮ್ಮನ ಮೇಲೆ ಈ ಭಾರ ಬೇಡ.

ಸಿಟ್ಟು ಬಂದಾಗ ಒಳಗೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಅಡ್ರಿನಲಿನ್ ನುಗ್ಗುತ್ತದೆ. ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿಯಾಗುತ್ತದೆ. 2024ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 280 ಆರೋಗ್ಯವಂತರ ಮೇಲೆ ಒಂದು ಪ್ರಯೋಗದ ಫಲಿತಾಂಶ ಕೊಟ್ಟರು. ಕೆಲವರಿಗೆ ಎಂಟು ನಿಮಿಷ ತಮಗೆ ಸಿಟ್ಟು ತರಿಸಿದ ಘಟನೆ ನೆನೆಸಿಕೊಳ್ಳಲು ಹೇಳಿದರು. ಬರೀ ನೆನಪು, ಜಗಳ ಏನೂ ಇಲ್ಲ. ಅಷ್ಟಕ್ಕೇ ರಕ್ತನಾಳ ಹಿಗ್ಗುವ ಶಕ್ತಿ 40 ನಿಮಿಷದವರೆಗೂ ಕುಗ್ಗಿತ್ತು. ನಿಮ್ಮ ತಂದೆ 14 ವರ್ಷದ ಕೇಸನ್ನು ದಿನಕ್ಕೆ ಎಷ್ಟು ಸಲ ನೆನೆಸಿಕೊಳ್ಳುತ್ತಾರೆ?

ತುಮಕೂರಿನ ಮಗಳು
ಅಕ್ಕಾ, ಕಡೇ ಸಾಲು ಓದಿ ಕೈ ನಡುಗಿತು. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗಲೇ ಶುರು. ಬದು, ಸರ್ವೆ ನಂಬರು, ಲಾಯರು, ಮುಂದಿನ ತಾರೀಖು. ಅಮ್ಮನ ವಿಷಯ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಈಗಲೇ ಹೋಗಿ ಅವಳಿಗೆ ಓದಿ ಹೇಳುತ್ತೇನೆ.

ಸಾಗರದ ಸೊಸೆ
ಎಲ್ಲರೂ ಸಿಟ್ಟು ಮಾಡುವವರ ಹೃದಯದ ಬಗ್ಗೆಯೇ ಮಾತಾಡುತ್ತಿದ್ದೀರಿ. ಆ ಸಿಟ್ಟನ್ನು ದಿನಾ ನುಂಗುವವರ ಹೃದಯ ಏನಾಗುತ್ತದೆ ಅಂತ ಯಾರಾದರೂ ಕೇಳುತ್ತೀರಾ? ನಮ್ಮ ಮನೆಯಲ್ಲಿ ಮಾವನದು ಇದೇ ಸ್ವಭಾವ. ಅವರ ಇಸಿಜಿ, ಎಕೋ ಎಲ್ಲ ಚೆನ್ನಾಗಿದೆ. ಅಟ್ಯಾಕ್ ಆಗಿದ್ದು ಅತ್ತೆಗೆ. 40 ವರ್ಷ ಒಂದು ಮಾತೂ ಎದುರು ಆಡದವರು.

ವಾರ್ಡಿನ ಅಕ್ಕ
ಕೇಳಿದ್ದಾರೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಹೃದಯದ ಕಾಯಿಲೆ ಆಗಿದ್ದ 292 ಹೆಂಗಸರನ್ನು ಗಮನಿಸುತ್ತಾ ಬಂದರು. 2000ರಲ್ಲಿ ಪ್ರಕಟವಾಯಿತು. ಸಂಸಾರದಲ್ಲಿ ತುಂಬಾ ಕಷ್ಟ ಇದ್ದವರಿಗೆ ಮತ್ತೆ ಹೃದಯದ ತೊಂದರೆ ಆಗುವ ಅಪಾಯ ಸುಮಾರು ಮೂರು ಪಟ್ಟು. ಕೆಲಸದ ಒತ್ತಡಕ್ಕೆ ಅಷ್ಟು ಬಲ ಕಾಣಲಿಲ್ಲ, ಮನೆಯ ಕಷ್ಟಕ್ಕೆ ಕಂಡಿತು.

ನನ್ನ ಅನುಭವ ಕೇಳಿ. ವಾರ್ಡಿನಲ್ಲಿ ಗಂಡಸು ಮಲಗಿದ್ದರೆ ಪಕ್ಕದಲ್ಲಿ ಹೆಂಡತಿ ಇಡೀ ರಾತ್ರಿ ಸ್ಟೂಲಿನ ಮೇಲೆ ಕೂತಿರುತ್ತಾಳೆ. ಅವಳ ಬಿಪಿ ನೋಡಿದವರು ಯಾರೂ ಇರುವುದಿಲ್ಲ. ನಾನು ಸುಮ್ನೆ ಪಟ್ಟಿ ಸುತ್ತಿ ನೋಡಿದರೆ ಎಷ್ಟೋ ಸಲ 160, 170 ಬಂದಿದೆ. ತುಮಕೂರಿನ ತಂಗಿ, ನಿನ್ನ ಅಮ್ಮನದೂ ಒಮ್ಮೆ ನೋಡಿಸು.

ಹಾಸನ ಹೈದ
ನಮ್ಮ ಹಾಸನದಲ್ಲಿ 2025ರ ಮೇ, ಜೂನ್‌ನಲ್ಲಿ ಹಾರ್ಟ್ ಅಟ್ಯಾಕ್ ಆಗಿ ಎಷ್ಟು ಜನ ಹೋದರು ನೋಡಿದಿರಲ್ಲ. ಅವರೆಲ್ಲ ಸಿಟ್ಟಿನವರಾ? ಕೋವಿಡ್ ಲಸಿಕೆಯಿಂದ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ.

ಲೆಕ್ಕ ಕೇಳುವವ
ಎಲ್ಲರೂ ಹೇಳುತ್ತಾರೆ ಅನ್ನುವುದು ಆಧಾರ ಅಲ್ಲ ಸ್ವಾಮಿ. ಸರ್ಕಾರ ಜಯದೇವ ಆಸ್ಪತ್ರೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಅಸಹಜ ಏರಿಕೆ ಇಲ್ಲ ಅಂತ ವರದಿ ಬಂತು. ಸತ್ತವರಲ್ಲಿ ಹೆಚ್ಚಿನವರಿಗೆ ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ, ಮನೆಯವರ ಇತಿಹಾಸ, ಏನಾದರೂ ಒಂದು ಇತ್ತು. ಸುದ್ದಿ ನೋಡಿ ಜನ ಹೆದರಿ ಆಸ್ಪತ್ರೆ ಮುಂದೆ ಸಾಲು ನಿಂತರು. ಆ ಭಯವನ್ನು ಮತ್ತೆ ಇಲ್ಲಿ ಹಬ್ಬಿಸಬೇಡಿ.

ಹಾಸನ ಹೈದ
ಹಬ್ಬಿಸುತ್ತಿಲ್ಲ, ಕೇಳಿದೆ ಅಷ್ಟೇ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗ ಹೋದ. ಮನಸ್ಸಿಗೆ ತಡೆದುಕೊಳ್ಳಲು ಆಗುವುದಿಲ್ಲ.

ಕೆರೆ ಏರಿ
ಅಪ್ಪು ಸರ್‌ಗೆ ಯಾವ ಹಗೆತನ ಇತ್ತು ಹೇಳಿ? ಸದಾ ನಗುತ್ತಿದ್ದ ಮುಖ. 46 ವರ್ಷಕ್ಕೇ ಹೋದರು. ಇವತ್ತಿಗೂ ಅಕ್ಟೋಬರ್ 29 ಬಂದರೆ ಹೊಟ್ಟೆ ಸಂಕಟವಾಗುತ್ತದೆ.

ಮನಸ್ಸಿನ ಪಾಠ
ನಿಜ. ನಗುವವರಿಗೆ ಬರುವುದಿಲ್ಲ ಅಂತ ಯಾರೂ ಹೇಳುತ್ತಿಲ್ಲ. ನಿಮ್ಮ ತಾತ 92 ವರ್ಷ ಬದುಕಿದ್ದೂ ನಿಜ. ಇದೆಲ್ಲ ಸಾವಿರಾರು ಜನರ ಲೆಕ್ಕ, ಒಬ್ಬೊಬ್ಬರ ಜಾತಕ ಅಲ್ಲ.

ವಾರ್ಡಿನ ಅಕ್ಕ
ಅಪ್ಪು ಅವರ ಹೆಸರಿನಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ, 2023ರಿಂದ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ಕಳಿಸುತ್ತಾರೆ. ಅಟ್ಯಾಕ್ ಅಂತ ಗೊತ್ತಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ದುಬಾರಿ ಇಂಜೆಕ್ಷನ್ ಅದು. ಎದೆನೋವು ಬಂದರೆ ಮನೆಯಲ್ಲಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಕಡಲೆಕಾಯಿ ಪರಿಷೆ
ಕಾಯಬೇಡಿ ಅಂದಿರಲ್ಲ, ಅದಕ್ಕೆ ಹೇಳುತ್ತೇನೆ. ನನ್ನ ಭಾವನಿಗೆ ರಾತ್ರಿ ಎದೆ ಉರಿ ಬಂತು. 'ಗ್ಯಾಸ್ಟ್ರಿಕ್' ಅಂತ ಈನೋ ಕುಡಿದರು. ಬೆಳಿಗ್ಗೆ ಹತ್ತಿರದ ಕ್ಲಿನಿಕ್ಕಿನಲ್ಲೂ ಗ್ಯಾಸ್ ಮಾತ್ರೆಯನ್ನೇ ಕೊಟ್ಟರು. ಮಧ್ಯಾಹ್ನ ಎರಡು ಗಂಟೆಗೆ ಕುಸಿದು ಬಿದ್ದರು. ಬದುಕಿದ್ದಾರೆ, ಆದರೆ ಹೃದಯ ಮೊದಲಿನಷ್ಟು ಒತ್ತುವುದಿಲ್ಲ. ಹತ್ತು ಹೆಜ್ಜೆ ನಡೆದರೆ ಏದುಸಿರು. ಒಂದು ಇಸಿಜಿ ತೆಗೆದಿದ್ದರೆ ಸಾಕಿತ್ತು.

ಹೊಸಪೇಟೆ ರವಿ
ನಮ್ಮ ಮನೆಯಲ್ಲೂ ಇದೇ ಆಗಿದ್ದು. ಜೀರಿಗೆ ಕಷಾಯ ಕುಡಿಸಿ ಮೂರು ಗಂಟೆ ಕಳೆದೆವು.

ಸಾಗರದ ಸೊಸೆ
ಅತ್ತೆಗೂ ಅಷ್ಟೇ. ಅವರಿಗೆ ಎದೆನೋವು ಬರಲೇ ಇಲ್ಲ. ದವಡೆ ನೋವು, ಸುಸ್ತು, ವಾಕರಿಕೆ. ಹೆಂಗಸರಿಗೆ ಹಲವು ಸಲ ಹೀಗೇ ಆಗುತ್ತದೆ ಅಂತ ಡಾಕ್ಟರ್ ಆಮೇಲೆ ಹೇಳಿದರು.

ಎಲ್ಲೋ ಬೋರ್ಡ್
ನಾನು ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತೇನೆ, ಒಂಬತ್ತು ವರ್ಷ ಆಯಿತು. ಹಗೆತನ ಅಂದರೆ ಏನು ಅಂತ ನನ್ನನ್ನು ಕೇಳಿ.

ಊರಲ್ಲಿದ್ದಾಗ ನನಗೆ ಇಷ್ಟು ಸಿಟ್ಟೇ ಇರಲಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನಕ್ಕೆ ನಾಲ್ಕು ಸಲ ನಿಂತರೆ ಮನುಷ್ಯ ಮನುಷ್ಯನಾಗಿ ಉಳಿಯುವುದು ಕಷ್ಟ. ಯಾರಾದರೂ ಎಡಗಡೆಯಿಂದ ನುಗ್ಗಿದರೆ 'ಇವನು ಬೇಕಂತಲೇ ಮಾಡಿದ' ಅನಿಸುತ್ತದೆ. ಬುಕ್ ಮಾಡಿದವರು ಎರಡು ನಿಮಿಷ ತಡ ಮಾಡಿದರೆ 'ನಮ್ಮನ್ನು ಕಂಡರೆ ಇವರಿಗೆ ತಾತ್ಸಾರ' ಅನಿಸುತ್ತದೆ. ಸಂಜೆಗೆ ಕತ್ತು ಕಲ್ಲಾಗಿರುತ್ತದೆ. ಊಟ ಮಧ್ಯಾಹ್ನ ಮೂರೂವರೆಗೆ. ನಡುವೆ ಟೀ, ಸಿಗರೇಟು, ಮತ್ತೆ ಟೀ. ಮೂತ್ರಕ್ಕೆ ಹೋಗಲೂ ಜಾಗ ಇಲ್ಲ. ನಿದ್ದೆ ಐದು ಗಂಟೆ.

ಹೋದ ವರ್ಷ ನನ್ನ ಜೊತೆಗಾರನೊಬ್ಬ 38ನೇ ವಯಸ್ಸಿಗೆ ಸ್ಟೇರಿಂಗ್ ಮೇಲೆಯೇ ಬಿದ್ದ. ಅವನ ಸ್ವಭಾವದ ಬಗ್ಗೆ ಪ್ರಶ್ನೆಪಟ್ಟಿ ಕೊಟ್ಟಿದ್ದರೆ ಅವನಿಗೂ ಜಾಸ್ತಿ ಅಂಕ ಬರುತ್ತಿತ್ತು. ಆದರೆ ಆ ಸ್ವಭಾವ ಅವನು ಹುಟ್ಟುವಾಗ ತಂದಿದ್ದಲ್ಲ. ಇಎಂಐ ತಂದಿದ್ದು, ರಸ್ತೆ ತಂದಿದ್ದು. ಪಾಠದ ಸರ್, ಇದನ್ನು ನಿಮ್ಮ ಅಧ್ಯಯನದಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರಾ?

ಮನಸ್ಸಿನ ಪಾಠ
ಅಣ್ಣ, ಇಡೀ ಚರ್ಚೆಯಲ್ಲಿ ಇದು ನನಗೆ ತುಂಬಾ ಮುಖ್ಯ ಅನಿಸಿದ ಮಾತು. ಹಿಡಿಯುತ್ತಾರೆ, ಆದರೆ ಸಾಕಷ್ಟು ಅಲ್ಲ. ಮೊದಲ ಅಧ್ಯಯನಗಳಲ್ಲಿ ಹೆಚ್ಚಿನವು ಕೆಲಸದಲ್ಲಿದ್ದ ಅಮೆರಿಕನ್ ಗಂಡಸರ ಮೇಲೆಯೇ ನಡೆದಿದ್ದು. ಕಡಿಮೆ ಆದಾಯ, ಕಡಿಮೆ ಓದು ಇದ್ದವರಲ್ಲಿ ಹಗೆತನದ ಅಂಕ ಸರಾಸರಿ ಜಾಸ್ತಿ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಜನ ನಿಜವಾಗಿ ಮೋಸ ಮಾಡುವ ಜಾಗದಲ್ಲಿ ಬದುಕುವವನು ಯಾರನ್ನೂ ನಂಬಬಾರದು ಅಂತ ಬರೆದರೆ ಅದು ರೋಗವಾ, ಅನುಭವವಾ?

ಎಲ್ಲೋ ಬೋರ್ಡ್
ಅದೇ ಸರ್ ನಾನು ಕೇಳಿದ್ದು.

ನ್ಯೂಜೆರ್ಸಿ ಶ್ರೀನಿ
ಇನ್ನೊಂದು ವಿಷಯ ಯಾರೂ ಹೇಳಿಲ್ಲ. ಟೈಪ್ ಎ ಸಂಶೋಧನೆಗೆ ಸಿಗರೇಟು ಕಂಪನಿಗಳು ದುಡ್ಡು ಸುರಿದಿದ್ದವು. ಫಿಲಿಪ್ ಮಾರಿಸ್ ಕಂಪನಿ ಫ್ರೀಡ್‌ಮನ್ ಅವರ ಸಂಸ್ಥೆಗೇ ಹಣ ಕೊಟ್ಟಿತ್ತು. ಕಂಪನಿಗಳ ಒಳಗಿನ ಕಾಗದಪತ್ರಗಳು ಹೊರಬಂದ ಮೇಲೆ ಇದೆಲ್ಲ ಬಯಲಾಯಿತು. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಅವನ್ನು ಓದಿ ಪ್ರಕಟಿಸಿದರು. ಕಂಪನಿಗಳ ಆಸೆ ಸ್ಪಷ್ಟ. ಹೃದಯ ಕೆಡುವುದು ಸಿಗರೇಟಿನಿಂದಲ್ಲ, ಮನುಷ್ಯನ ಸ್ವಭಾವದಿಂದ ಅಂತ ಕೋರ್ಟಿನಲ್ಲಿ ತೋರಿಸಬೇಕಿತ್ತು. ಹಾಗಾಗಿ ಸಿಟ್ಟೇ ಕಾರಣ ಅನ್ನುವ ಮಾತು ಕೇಳಿದರೆ ನಾನು ಎಚ್ಚರವಾಗುತ್ತೇನೆ.

ಲೆಕ್ಕ ಕೇಳುವವ
ಥ್ಯಾಂಕ್ಸ್ ಶ್ರೀನಿ. ನಾನು ಮೊದಲಿನಿಂದ ಹೇಳುತ್ತಿರುವುದೂ ಇದೇ. ಸ್ವಭಾವವನ್ನು ದೂರಿದರೆ ಬೀಡಿ ಕಂಪನಿಗೂ ಆರಾಮ, ಬಿಪಿ ಏರಿಸುವ ಉಪ್ಪಿನಕಾಯಿ ತಟ್ಟೆಗೂ ಆರಾಮ.

ಮನಸ್ಸಿನ ಪಾಠ
ದುಡ್ಡಿನ ವಿಷಯ ನಿಜ, ಅದು ನಾಚಿಕೆಗೇಡು. ಆದರೆ ನಾನು ಹೇಳಿದ ಎಲ್ಲ ಅಧ್ಯಯನಗಳನ್ನೂ ಅದರ ಜೊತೆ ಕಟ್ಟಬೇಡಿ. 2000ರಲ್ಲಿ ಪ್ರಕಟವಾದ ಎಆರ್‌ಐಸಿ ಅಧ್ಯಯನವನ್ನೇ ನೋಡಿ. ಅಮೆರಿಕದ ಸುಮಾರು 13 ಸಾವಿರ ಗಂಡಸರು, ಹೆಂಗಸರು. ಬಿಪಿ ಇಲ್ಲದವರಲ್ಲಿ ತುಂಬಾ ಸಿಟ್ಟಿನ ಸ್ವಭಾವದವರಿಗೆ ಅಟ್ಯಾಕ್ ಅಥವಾ ಹೃದಯದ ಸಾವಿನ ಅಪಾಯ ಎರಡೂವರೆ ಪಟ್ಟಿಗಿಂತ ಜಾಸ್ತಿ ಇತ್ತು. ಬಿಪಿ ಇದ್ದವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

ಪೀಣ್ಯ ಫಿಟ್ಟರ್
ಅಂದರೆ ತುಮಕೂರಿನ ಅಪ್ಪನಿಗೆ ಬಿಪಿ ಇದೆಯಲ್ಲ. ಅವರಿಗೆ ಸಿಟ್ಟಿನ ಲೆಕ್ಕ ಅನ್ವಯಿಸುವುದಿಲ್ಲವಾ?

ಮನಸ್ಸಿನ ಪಾಠ
ಅಷ್ಟು ನೇರವಾಗಿ ಹೇಳಲು ಬರುವುದಿಲ್ಲ. ಬಿಪಿಯ ಅಪಾಯವೇ ದೊಡ್ಡದಾದಾಗ ಸಿಟ್ಟಿನದು ಅದರ ಹಿಂದೆ ಮರೆಯಾಗುತ್ತದೆ ಅಂತ ನನ್ನ ಅನಿಸಿಕೆ. ಅದಕ್ಕೇ ಮಾತ್ರೆ ಮೊದಲು.

ಜಿಮ್ ಗಣೇಶ
ಸಿಟ್ಟನ್ನು ಒಳಗಿಟ್ಟುಕೊಂಡರೇ ತೊಂದರೆ. ಹೊರಗೆ ಹಾಕಬೇಕು. ಅಪ್ಪನಿಗೆ ಒಂದು ದಿಂಬು ಕೊಡಿ, ಸಿಟ್ಟು ಬಂದಾಗ ಗುದ್ದಲಿ. ಹಗುರಾಗುತ್ತಾರೆ.

ವಾರ್ಡಿನ ಅಕ್ಕ
ದಯವಿಟ್ಟು ಬೇಡ. ಸ್ಟೆಂಟ್ ಹಾಕಿ ಮೂರು ವಾರ ಆಗಿದೆ!

ಮನಸ್ಸಿನ ಪಾಠ
ಗಣೇಶ್, ಇದು ತುಂಬಾ ಜನ ನಂಬಿರುವ ಮಾತು, ಆದರೆ ತಪ್ಪು. ಬ್ರಾಡ್ ಬುಷ್‌ಮನ್ ಅನ್ನುವವರು 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಸಿಟ್ಟು ಬರಿಸಿ, ಬರಿಸಿದವನನ್ನು ನೆನೆಯುತ್ತಾ ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು. ಗುದ್ದಿದವರ ಸಿಟ್ಟು ಜಾಸ್ತಿಯಾಯಿತು. ಸುಮ್ಮನೆ ಕೂತವರೇ ಹೆಚ್ಚು ಶಾಂತವಾಗಿದ್ದರು.

ಜಿಮ್ ಗಣೇಶ
ಹೌದಾ? ನಾನು ಇಷ್ಟು ವರ್ಷ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೆ. ಮತ್ತೆ ಏನು ಮಾಡಬೇಕು? ಸಾಗರದ ಮೇಡಂ ನುಂಗಿದರೂ ಕಷ್ಟ ಅನ್ನುತ್ತಾರೆ, ನೀವು ಉಗುಳಿದರೂ ಕಷ್ಟ ಅನ್ನುತ್ತೀರಿ.

ಸಾಗರದ ಸೊಸೆ
ನುಂಗುವುದೂ ಬೇಡ, ಉಗುಳುವುದೂ ಬೇಡ. ಕೂತು ಹೇಳುವುದು ಅಂತ ಒಂದಿದೆಯಲ್ಲ. 'ನನಗೆ ಇದು ನೋವಾಯಿತು' ಅಂತ ಒಂದು ಸಾಲು. ನಮ್ಮ ಮನೆಗಳಲ್ಲಿ ಗಂಡಸರಿಗೆ ಯಾರೂ ಅದನ್ನು ಕಲಿಸಲೇ ಇಲ್ಲ. ಹೆಂಗಸರು ಹೇಳಲು ಹೋದರೆ 'ಎದುರು ಮಾತು' ಆಗುತ್ತದೆ.

ತುಮಕೂರಿನ ಮಗಳು
ನನ್ನ ಎರಡನೇ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಿ. ಬದಲಾಗುತ್ತಾರಾ?

ಲೆಕ್ಕ ಕೇಳುವವ
ಇಷ್ಟು ಹೊತ್ತು ವಾದ ಮಾಡಿದ ನಾನೇ ನಿಮ್ಮ ಪರವಾಗಿ ಒಂದು ಆಧಾರ ಕೊಡುತ್ತೇನೆ. ಅದೇ ಫ್ರೀಡ್‌ಮನ್, 1986ರಲ್ಲಿ. ಅಟ್ಯಾಕ್ ಆದವರಲ್ಲಿ ಒಂದು ಗುಂಪಿಗೆ ಹೃದಯದ ಸಲಹೆ ಮಾತ್ರ ಕೊಟ್ಟರು. ಇನ್ನೊಂದು ಗುಂಪಿಗೆ ಅದರ ಜೊತೆ ಆತುರ, ಹಗೆತನ ಕಡಿಮೆ ಮಾಡುವ ಪಾಠ. ನಿಧಾನವಾಗಿ ಊಟ ಮಾಡುವುದು, ಎದುರಿನವರ ಮಾತು ಪೂರ್ತಿ ಕೇಳುವುದು, ಬೇಕಂತಲೇ ಉದ್ದದ ಸಾಲಿನಲ್ಲಿ ನಿಲ್ಲುವುದು. ಇಂಥ ಸಣ್ಣ ಅಭ್ಯಾಸಗಳು. ನಾಲ್ಕೂವರೆ ವರ್ಷದಲ್ಲಿ ಪಾಠ ಕಲಿತವರಲ್ಲಿ 12.9% ಜನರಿಗೆ ಮತ್ತೆ ಅಟ್ಯಾಕ್ ಆಯಿತು. ಸಲಹೆ ಮಾತ್ರ ಪಡೆದವರಲ್ಲಿ 21.2%.

ಆದರೆ ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. 2003ರಲ್ಲಿ ಎನ್‌ರಿಚ್ಡ್ ಅಂತ ದೊಡ್ಡ ಪ್ರಯೋಗ ಬಂತು. ಅಟ್ಯಾಕ್ ಆದ 2481 ಜನ. ಅದು ಹಗೆತನದ ಮೇಲಲ್ಲ, ಖಿನ್ನತೆ ಮತ್ತು ಒಂಟಿತನದ ಮೇಲೆ. ಮನಸ್ಸು ಸ್ವಲ್ಪ ಸುಧಾರಿಸಿತು, ಅಟ್ಯಾಕು ಮತ್ತು ಸಾವು ಕಡಿಮೆಯಾಗಲಿಲ್ಲ. ಹಾಗಾಗಿ ಭರವಸೆ ಇರಲಿ, ಗ್ಯಾರಂಟಿ ಬೇಡ.

ವಾರ್ಡಿನ ಅಕ್ಕ
ಮನುಷ್ಯರು ಬದಲಾಗುವುದನ್ನು ನಾನು ನೋಡಿದ್ದೇನೆ. ಅಟ್ಯಾಕ್ ಆದ ಮೊದಲ ಎರಡು ಮೂರು ತಿಂಗಳು ಒಂದು ಬಾಗಿಲು ತೆರೆದಿರುತ್ತದೆ. ಗಂಡಸರು ಆಗ ಹೆದರಿರುತ್ತಾರೆ. ಹೆದರಿಕೆ ಅಂತ ಹೇಳಿಕೊಳ್ಳಲು ಬರುವುದಿಲ್ಲ, ಅದಕ್ಕೇ ಡಾಕ್ಟರ್ ಕಳ್ಳ, ನರ್ಸ್ ಕಳ್ಳಿ ಅನ್ನುತ್ತಾರೆ. ನನಗೂ ಅನ್ನಿಸಿಕೊಂಡು ಅಭ್ಯಾಸ ಇದೆ. ನಾನು ವಾದ ಮಾಡುವುದಿಲ್ಲ. ಪಕ್ಕದಲ್ಲಿ ನಿಂತು 'ರಾತ್ರಿ ನಿದ್ದೆ ಬಂತಾ ಯಜಮಾನರೇ, ಭಯ ಆಗುತ್ತಿದೆಯಾ' ಅಂತ ಕೇಳುತ್ತೇನೆ. ಎಷ್ಟೋ ಜನ ಅತ್ತುಬಿಟ್ಟಿದ್ದಾರೆ.

ತಂಗಿ, ಅಪ್ಪನಿಗೆ 'ಸಿಟ್ಟು ಕಡಿಮೆ ಮಾಡಿ' ಅಂತ ಮಾತ್ರ ಹೇಳಬೇಡ. ಅದನ್ನು ಕೇಳಿದರೇ ಸಿಟ್ಟು ಬರುತ್ತದೆ. ಭಯ ಆಗುತ್ತಾ ಅಂತ ಒಮ್ಮೆ ಕೇಳಿ ನೋಡು. ಮತ್ತೆ ರಕ್ತ ತೆಳುವಾಗಿಸುವ ಮಾತ್ರೆ ಒಂದು ದಿನವೂ ತಪ್ಪಬಾರದು. ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪು ಕಟ್ಟಬಹುದು. ನಂಬಿಕೆ ಇಲ್ಲದವರು ಮೊದಲು ಬಿಡುವುದು ಅದನ್ನೇ.

ನ್ಯೂಜೆರ್ಸಿ ಶ್ರೀನಿ
ಇಲ್ಲಿ ಅಟ್ಯಾಕ್ ಆದವರನ್ನು ವಾರಕ್ಕೆ ಎರಡು ಮೂರು ದಿನ ವ್ಯಾಯಾಮದ ಗುಂಪಿಗೆ ಕಳಿಸುತ್ತಾರೆ. ನನ್ನ ಮಾವನೂ ಹೋದರು. ಯಂತ್ರದ ಮೇಲೆ ನಡೆದಿದ್ದಕ್ಕಿಂತ, ಅಲ್ಲಿ ಇನ್ನಿಬ್ಬರು ಮುದುಕರ ಜೊತೆ ಹರಟಿದ್ದೇ ಅವರಿಗೆ ಔಷಧಿಯಾಯಿತು. ಊರಿನ ಕಡೆ ಇಂಥ ವ್ಯವಸ್ಥೆ ಇದೆಯಾ?

ವಾರ್ಡಿನ ಅಕ್ಕ
ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಿ ಇದೆ. ಸಣ್ಣ ಊರಿನಲ್ಲಿ ಪಾರ್ಕೇ ಗತಿ. ಡಾಕ್ಟರ್ ಎಷ್ಟು ಹೊತ್ತು ನಡೆಯಲು ಹೇಳಿದ್ದಾರೋ ಅಷ್ಟು, ಜೊತೆಗೆ ಒಬ್ಬರು ಇರಲಿ.

ತುಮಕೂರಿನ ಮಗಳು
ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಸಾಗರದ ಅಕ್ಕನದನ್ನು ಎರಡು ಸಲ ಓದಿಸಿದಳು. ಅಮ್ಮನ ಬಿಪಿ 164/98 ಬಂತು. ಅವಳಿಗೂ ಮಾತ್ರೆ ಶುರುವಾಗಿದೆ. ಈಗ ಇಬ್ಬರದೂ ಒಂದೇ ಡಬ್ಬಿ, ವಾರದ ಏಳು ಖಾನೆಯದು. ಬೆಳಿಗ್ಗೆ ಅಮ್ಮ ನುಂಗಿದಳಾ ಅಂತ ಅಪ್ಪ ನೋಡುತ್ತಾರೆ. ಅವಳ ಮೇಲೂ ನಂಬಿಕೆ ಇಲ್ಲ, ಅದಕ್ಕೆ ತಾವೇ ಎಣಿಸುತ್ತಾರೆ. ಹಾಗೆ ಎಣಿಸುವಾಗ ತಮ್ಮದೂ ನುಂಗುತ್ತಾರೆ.

ಭಾನುವಾರ ಚಿಕ್ಕಪ್ಪ ಬಂದಿದ್ದರು. 14 ವರ್ಷದಲ್ಲಿ ಮೊದಲ ಸಲ. ಗೇಟಿನ ಹೊರಗೇ ನಿಂತಿದ್ದರು. ಅಪ್ಪ ಕಿಟಕಿಯಿಂದ ನೋಡಿ "ಇನ್ನೂ ಇದ್ದಾನಾ ಅಂತ ನೋಡಲು ಬಂದ" ಅಂದರು. ನಾನೇ ಹೋಗಿ ಕರೆದೆ. ಅರ್ಧ ಗಂಟೆ ಕೂತರು. ಮಳೆ ಮಾತಾಡಿದರು, ರಾಗಿ ರೇಟು ಮಾತಾಡಿದರು. ಬದು ಯಾರ ಬಾಯಲ್ಲೂ ಬರಲಿಲ್ಲ. ಚಿಕ್ಕಪ್ಪನಿಗೂ ಎರಡು ಸ್ಟೆಂಟ್ ಆಗಿದೆಯಂತೆ, ಹೋದ ವರ್ಷ. ನಮಗೆ ಯಾರೂ ಹೇಳಿಯೇ ಇರಲಿಲ್ಲ.

ಅವರು ಹೋದ ಮೇಲೆ ಅಪ್ಪ "ಏನೋ ಲೆಕ್ಕ ಹಾಕಿಕೊಂಡೇ ಬಂದಿರುತ್ತಾನೆ" ಅಂದರು. ಆಗ ನಾನು ಅಕ್ಕ ಹೇಳಿಕೊಟ್ಟ ಹಾಗೆ ಕೇಳಿದೆ, "ಅಪ್ಪಾ, ರಾತ್ರಿ ಭಯ ಆಗುತ್ತಾ?" ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಮಲಗಿದರೆ ಏಳುತ್ತೀನೋ ಇಲ್ಲವೋ ಅನಿಸುತ್ತದೆ" ಅಂದರು. ಆ ಧ್ವನಿಯಲ್ಲಿ ಅಪ್ಪ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಕೇಸು ಹಾಗೇ ಇದೆ. ಮುಂದಿನ ತಿಂಗಳು ತಾರೀಖು. ಅವತ್ತು ಕೋರ್ಟಿಗೆ ಅವರ ಬದಲು ನಾನು ಹೋಗಬಹುದಾ ಅಂತ ಲಾಯರನ್ನು ಕೇಳಿದ್ದೇನೆ.

ಎಲ್ಲೋ ಬೋರ್ಡ್
ಹೋಗಬಹುದು ಅಂದರೆ ನನಗೆ ಹೇಳಿ ಮೇಡಂ. ತುಮಕೂರಿನ ಕಡೆ ಟ್ರಿಪ್ ಇದ್ದೇ ಇರುತ್ತದೆ. ಕೋರ್ಟಿನ ಹತ್ತಿರ ಬಿಟ್ಟು ಬರುತ್ತೇನೆ. ಸಿಗರೇಟು ಬಿಟ್ಟು ಇವತ್ತಿಗೆ ಒಂಬತ್ತು ದಿನ ನನಗೆ.

ವಾರ್ಡಿನ ಅಕ್ಕ
ಅಣ್ಣ, ಹತ್ತನೇ ದಿನ ಕಷ್ಟವಾದರೆ ಇಲ್ಲಿ ಬರೆಯಿರಿ. ತಂಗಿ, ಚಿಕ್ಕಪ್ಪನಿಗೂ ನಿನ್ನ ಅಪ್ಪನಿಗೂ ಕಾಯಿಲೆ ಇದೆ ಅಂದರೆ ಮನೆತನದಲ್ಲೇ ಇರಬಹುದು. ನಿನ್ನ ಕೊಲೆಸ್ಟ್ರಾಲ್, ಬಿಪಿ ಯಾವಾಗ ನೋಡಿಸಿದ್ದು?